ನಿಮ್ಮೂರಿನ ಯುಕುಲೆಲೆ ಬಳಗ: ಹುಡುಕಿ ಸೇರುವುದು, ಇಲ್ಲದಿದ್ದರೆ ಕಟ್ಟುವುದು

ಯುಕುಲೆಲೆ ಎಂಬ, ಗಿಟಾರಿನಂತಿರುವ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಬೀರುವಿನ ಮೇಲೆ ಚೀಲದ ಸಮೇತ ಇಟ್ಟು ಮರೆತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಂಡ ಹೊಸದರಲ್ಲಿ ವಿಡಿಯೊ ನೋಡಿ ಮೂರು ಕಾರ್ಡ್ (ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಬೆರಳ ಹಿಡಿತ) ಕಲಿತಿರುತ್ತೀರಿ. ಎಡಗೈ ಬೆರಳ ತುದಿ ಒಂದಿಷ್ಟು ಗಟ್ಟಿಯಾಗಿರುತ್ತದೆ. ಆಮೇಲೆ ಯಾವುದೋ ವಾರ ಕೆಲಸ ಜಾಸ್ತಿಯಾಗಿ ವಾದ್ಯ ಮೂಲೆ ಸೇರುತ್ತದೆ. ಈಗ ತಂತಿ ಎಷ್ಟು ಸಡಿಲವಾಗಿದೆ ಎಂದು ನೋಡಲೂ ಮನಸ್ಸು ಬರುವುದಿಲ್ಲ. ನನ್ನ ವಾದ್ಯವೂ ಹಾಗೆ ಏಳೆಂಟು ತಿಂಗಳು ಕೂತಿತ್ತು. ಅದನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿದ್ದು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಕೂರುತ್ತಿದ್ದ ಹದಿನಾರು ಜನ.

ಅಂಥ ಬಳಗವನ್ನು ಹೇಗೆ ಹುಡುಕಬೇಕು, ಮೊದಲ ಸಲ ಹೋಗುವಾಗ ಏನು ಗೊತ್ತಿದ್ದರೆ ಸಾಕು, ಊರಿನಲ್ಲಿ ಬಳಗವೇ ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು, ಇವಿಷ್ಟನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಡುವೆ ನನ್ನದೇ ಅಭಿಪ್ರಾಯಗಳೂ ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಯುಕುಲೆಲೆ ಗುಂಪೊಂದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿ ಚೆನ್ನಾಗಿ ನುಡಿಸುವವರನ್ನು ನೋಡಬೇಡಿ. ಅವತ್ತೇ ಬಂದ ಹೊಸಬರು ಎಲ್ಲಿ ಕೂತಿದ್ದಾರೆ, ಅವರ ಪಕ್ಕ ಯಾರಿದ್ದಾರೆ ಎಂದು ನೋಡಿ.

ಹುಟ್ಟಿನಿಂದಲೇ ಕೂಟದ ವಾದ್ಯ

1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಕಬ್ಬಿನ ತೋಟಗಳ ದುಡಿಮೆಗೆಂದು ಬಂದ ಕುಟುಂಬಗಳು. ಮನುವೆಲ್ ನೂನೆಸ್, ಅಗುಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಮರಗೆಲಸದವರೂ ಅದರಲ್ಲಿದ್ದರು. ತಮ್ಮ ದ್ವೀಪದ ಮಷೆಟೆ ಎಂಬ ಪುಟ್ಟ ತಂತಿವಾದ್ಯದ ಮಾದರಿಯಲ್ಲಿ ಇವರು ಹವಾಯಿಯಲ್ಲಿ ವಾದ್ಯ ಮಾಡತೊಡಗಿದರು. ಅಲ್ಲಿನ ಕೋವಾ ಮರ ಅದಕ್ಕೆ ಚೆನ್ನಾಗಿ ಒಗ್ಗಿತು. ದೊರೆ ಕಲಾಕೌವಾ ಅದನ್ನು ಅರಮನೆಯ ಕೂಟಗಳಿಗೆ ಬರಮಾಡಿಕೊಂಡ ಮೇಲೆ ವಲಸಿಗರ ವಾದ್ಯ ನಾಡಿನ ವಾದ್ಯವಾಯಿತು. ಹವಾಯಿ ಮಾತಿನಲ್ಲಿ ‘ಉಕು’ ಎಂದರೆ ಚಿಗಟ, ‘ಲೆಲೆ’ ಎಂದರೆ ಜಿಗಿ. ವಾದ್ಯದ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ಮೇಲೆ ಬೆರಳು ಹಾರುವುದನ್ನು ಕಂಡು ಈ ಹೆಸರು ಬಂತೆಂದು ಬಹಳ ಜನ ಹೇಳುತ್ತಾರೆ. ರಾಣಿ ಲಿಲಿಉಒಕಲಾನಿ ಅದೇ ಹೆಸರನ್ನು ‘ಇಲ್ಲಿಗೆ ಬಂದ ಕೊಡುಗೆ’ ಎಂದು ಬಿಡಿಸಿದ್ದರು. ನನಗೆ ಈ ಎರಡನೆಯದೇ ಇಷ್ಟ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನದಲ್ಲಿ ಹವಾಯಿಯವರು ನುಡಿಸಿದ್ದನ್ನು ಕೇಳಿ ಅಮೆರಿಕದ ಜನ ಮರುಳಾದರು. 1960ರ ದಶಕದ ಕೊನೆಯಿಂದ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಜೆ. ಚಾಲ್ಮರ್ಸ್ ಡೋನ್ ಇಡೀ ತರಗತಿಗೆ ಸಂಗೀತ ಕಲಿಸಲು ಇದೇ ವಾದ್ಯವನ್ನು ಆರಿಸಿಕೊಂಡರು. 1971ರಲ್ಲಿ ರಾಯ್ ಸಕುಮಾ ಹೊನೊಲುಲುವಿನಲ್ಲಿ ಯುಕುಲೆಲೆ ಹಬ್ಬ ಶುರು ಮಾಡಿದರು. 1985ರಲ್ಲಿ ಲಂಡನ್ನಿನಲ್ಲಿ ಯುಕುಲೆಲೆ ಆರ್ಕೆಸ್ಟ್ರಾ ಆಫ್ ಗ್ರೇಟ್ ಬ್ರಿಟನ್ ಹುಟ್ಟಿತು. ಅರಮನೆ, ತರಗತಿ, ಹಬ್ಬ, ವೇದಿಕೆ, ಎಲ್ಲಿ ನೋಡಿದರೂ ಈ ವಾದ್ಯದ ಸುತ್ತ ನಾಲ್ಕು ಜನ ಇದ್ದೇ ಇದ್ದಾರೆ. ಅದಕ್ಕೆ ಕಾರಣವೂ ಇದೆ. ಒಂದು ಯುಕುಲೆಲೆಯ ದನಿ ಚಿಕ್ಕದು, ಮಾತಿನ ದನಿಯನ್ನೂ ಮೀರುವುದಿಲ್ಲ. ಇಪ್ಪತ್ತು ಯುಕುಲೆಲೆ ಒಟ್ಟಿಗೆ ನುಡಿದರೂ ಹಾಡುವವರ ಗಂಟಲು ಅದರಡಿ ಮುಳುಗುವುದಿಲ್ಲ. ಹೀಗೆ ಯಾರೂ ಮೊದಲೇ ತಯಾರಾಗದೆ ಸುಮ್ಮನೆ ಸೇರಿ ನುಡಿಸುವುದಕ್ಕೆ ಹವಾಯಿಯಲ್ಲಿ ‘ಕನಿಕಪಿಲ’ ಎನ್ನುತ್ತಾರೆ. ಕೆಲವು ಊರಿನ ಬಳಗಗಳು ತಮ್ಮ ಕೂಟಕ್ಕೆ ಇದೇ ಹೆಸರು ಇಟ್ಟುಕೊಂಡಿರುತ್ತವೆ. ಹುಡುಕುವಾಗ ನೆನಪಿರಲಿ.

ಹುಡುಕುವುದು

ಇಂಥ ಗುಂಪುಗಳು ಬೋರ್ಡು ಹಾಕಿಕೊಂಡು ಕೂತಿರುವುದಿಲ್ಲ. ಮೊದಲು ಅಂತರ್ಜಾಲದಲ್ಲಿ ಊರಿನ ಹೆಸರಿನ ಜೊತೆ ಯುಕುಲೆಲೆ ಎಂದು ಹಾಕಿ, ಅದರ ಮುಂದೆ ಕ್ಲಬ್, ಜ್ಯಾಮ್, ಸ್ಟ್ರಮ್, ಸರ್ಕಲ್ ಎಂಬ ಪದಗಳನ್ನು ಒಂದೊಂದಾಗಿ ಸೇರಿಸಿ ನೋಡಿ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮೂರನೇ ಅಕ್ಷರ ‘ಯು’ ಇರಬೇಕಾದಲ್ಲಿ ಕೆಲವರು ‘ಇ’ ಹಾಕುತ್ತಾರೆ. ಎರಡೂ ರೀತಿಯಲ್ಲಿ ಹುಡುಕಿದರೆ ತಪ್ಪಿಹೋಗಿದ್ದ ಗುಂಪು ಕೈಗೆ ಸಿಗಬಹುದು.

ಆದರೆ ನನ್ನ ಅನುಭವದಲ್ಲಿ ಹುಡುಕಾಟ ಫಲಿಸುವುದು ಬಾಯಿಂದ ಬಾಯಿಗೆ. ವಾದ್ಯದ ಅಂಗಡಿಯಲ್ಲಿ ತಂತಿ ಬದಲಿಸಿಕೊಡುವವರನ್ನು ಕೇಳಿ. ಊರಿನ ಯುಕುಲೆಲೆಗಳೆಲ್ಲ ಅವರ ಕೈದಾಟಿಯೇ ಹೋಗಿರುತ್ತವೆ. ಗ್ರಂಥಾಲಯದ ಸೂಚನಾ ಫಲಕ, ಗಿಟಾರ್ ಕಲಿಸುವವರು, ಯಾರು ಬೇಕಾದರೂ ಹಾಡಬಹುದಾದ ಓಪನ್ ಮೈಕ್ ಸಂಜೆಗಳು, ಇವೂ ಒಳ್ಳೆಯ ಜಾಗಗಳೇ. ಓಪನ್ ಮೈಕಿನಲ್ಲಿ ಒಬ್ಬರ ಕೈಯಲ್ಲಿ ಯುಕುಲೆಲೆ ಕಂಡರೂ ಸಾಕು, ಅವರಿಗೆ ಇನ್ನೂ ಮೂವರು ಗೊತ್ತಿರುತ್ತಾರೆ.

ಗುಂಪು ಸಿಕ್ಕಿತು ಅಂದುಕೊಳ್ಳಿ. ಕೊನೆಯ ಕೂಟ ಯಾವಾಗ ನಡೆದಿದೆ ಎಂದು ಮೊದಲು ನೋಡಿ. ವರ್ಷದ ಹಿಂದಿನ ಫೋಟೊಗಳೇ ಕೊನೆಯದಾಗಿದ್ದರೆ, ಹೊರಡುವ ಮೊದಲು ಒಂದು ಮಾತು ಕೇಳಿಕೊಳ್ಳುವುದು ವಾಸಿ. ನಡೆಸುವವರಿಗೆ ಚಿಕ್ಕ ಸಂದೇಶ ಕಳಿಸಿ: ಈಗಷ್ಟೇ ಕಲಿಯುತ್ತಿರುವವರು ಬರಬಹುದೇ? ಹಾಡಿನ ಹಾಳೆ ಮೊದಲೇ ಸಿಗುತ್ತದೆಯೇ? ವಾದ್ಯವನ್ನು ಯಾವ ಶ್ರುತಿಗೆ ಕೂರಿಸುತ್ತೀರಿ? ಉತ್ತರ ಬರುವ ರೀತಿಯಲ್ಲೇ ಅರ್ಧ ತಿಳಿದುಬಿಡುತ್ತದೆ. ‘ಬನ್ನಿ, ವಾದ್ಯ ಇಲ್ಲದಿದ್ದರೂ ಬನ್ನಿ, ಒಂದು ಹೆಚ್ಚಿಗೆ ಇದೆ’ ಎಂದು ಬರೆದವರ ಮನೆಬಾಗಿಲಿಗೆ ಕಣ್ಣುಮುಚ್ಚಿ ಹೋಗಬಹುದು.

ಗುಂಪುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಹಾಳೆ ನೋಡಿಕೊಂಡು ಎಲ್ಲರೂ ಒಟ್ಟಿಗೆ ಹಾಡಿ ನುಡಿಸುವ ಜ್ಯಾಮ್ ಒಂದು. ಯಾರಾದರೊಬ್ಬರು ಮುಂದೆ ನಿಂತು ಕಲಿಸುವ ಕಲಿಕಾ ಗುಂಪು ಇನ್ನೊಂದು. ಭಾಗಗಳನ್ನು ಹಂಚಿಕೊಂಡು ತಾಲೀಮು ಮಾಡಿ ವೇದಿಕೆ ಹತ್ತುವ ತಂಡ ಮೂರನೆಯದು. ಹೊಸಬರು ಮೊದಲ ಬಗೆಯದಕ್ಕೆ ಹೋಗಲಿ ಎನ್ನುತ್ತೇನೆ. ಕಲಿಕೆ ಅಲ್ಲಿಯೂ ನಡೆಯುತ್ತದೆ, ಅದೂ ಪಕ್ಕದ ಕುರ್ಚಿಯಿಂದ.

ಹೋಗುವ ಮುನ್ನ: ವಾದ್ಯ ಮತ್ತು ಶ್ರುತಿ

ವಾದ್ಯದ ಅಳತೆ ನಾಲ್ಕು ತರಹ. ಸೊಪ್ರಾನೊ ಸುಮಾರು 21 ಇಂಚು ಉದ್ದ, ಕನ್ಸರ್ಟ್ 23, ಟೆನರ್ 26, ಬ್ಯಾರಿಟೋನ್ 30. ಮೊದಲ ಮೂರನ್ನೂ ಒಂದೇ ಶ್ರುತಿಗೆ ಕೂರಿಸುತ್ತಾರೆ. ಅದರಲ್ಲಿ ಯಾವುದಿದ್ದರೂ ಗುಂಪಿಗೆ ಹೊಂದುತ್ತದೆ. ದೊಡ್ಡ ಕೈಯವರಿಗೆ ಕನ್ಸರ್ಟ್ ಅಥವಾ ಟೆನರ್ ಹಿತ. ಬ್ಯಾರಿಟೋನ್ ಮಾತ್ರ ಬೇರೆ. ಅದರ ತಂತಿಗಳು ಗಿಟಾರಿನ ಕೊನೆಯ ನಾಲ್ಕು ತಂತಿಗಳಂತೆ ಡಿ, ಜಿ, ಬಿ, ಇ ಎಂಬ ಪಾಶ್ಚಾತ್ಯ ಸ್ವರಗಳು. ಗುಂಪು ಸಿ ಕಾರ್ಡ್ ನುಡಿಸುವಾಗ ಬ್ಯಾರಿಟೋನಿನವರು ಸಾಮಾನ್ಯ ಯುಕುಲೆಲೆಯ ಎಫ್ ಆಕಾರವನ್ನು ಹಿಡಿಯಬೇಕು. ಇದು ತಿಳಿಯದೆ ಪಕ್ಕದವರ ಬೆರಳು ನೋಡಿ ಅನುಕರಿಸಿದರೆ ಕಿವಿಗೆ ಹಿಂಸೆಯಾಗುತ್ತದೆ. ಮೊದಲ ವಾದ್ಯವಾಗಿ ಅದು ಬೇಡ.

ಕೊಳ್ಳುವುದಿದ್ದರೆ ಒಂದು ಪರೀಕ್ಷೆ ಮಾಡಿ. ಪ್ರತಿ ತಂತಿಯನ್ನೂ ಬೆರಳು ಒತ್ತದೆ ಖಾಲಿ ಮೀಟಿ, ಆಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡನೆಯದು ಅದೇ ಸ್ವರದ ಮೇಲಿನ ಸ್ಥಾಯಿ ಆಗಿರಬೇಕು. ಸ್ವಲ್ಪ ಏರಿದಂತೆಯೋ ಇಳಿದಂತೆಯೋ ಕೇಳಿದರೆ ಆ ವಾದ್ಯ ಎಷ್ಟು ಶ್ರುತಿ ಮಾಡಿದರೂ ಕಾರ್ಡ್‌ಗಳಲ್ಲಿ ಸೇರುವುದಿಲ್ಲ. ಅಂದ ಚೆಂದ, ಬಣ್ಣ, ಕೆತ್ತನೆ ಎಲ್ಲ ಆಮೇಲೆ.

ಇನ್ನು ಶ್ರುತಿ. ವಾದ್ಯವನ್ನು ಮಡಿಲಲ್ಲಿ ಹಿಡಿದಾಗ ಮುಖದ ಕಡೆಯಿಂದ ನೆಲದ ಕಡೆಗೆ ತಂತಿಗಳು ಜಿ, ಸಿ, ಇ, ಎ. ಸಂಗೀತ ಪಾಠಕ್ಕೆ ಹೋದವರಿಗೆ ಇನ್ನೊಂದು ದಾರಿಯಿದೆ: ಸಿ ತಂತಿಯನ್ನು ಷಡ್ಜ ಎಂದುಕೊಳ್ಳಿ, ಆಗ ನಾಲ್ಕು ತಂತಿಗಳು ಪ, ಸ, ಗ, ದ ಆಗುತ್ತವೆ. ಮೊದಲ ತಂತಿಯೇ ಪಂಚಮ, ಅದರ ಪಕ್ಕದ್ದು ಎಲ್ಲಕ್ಕಿಂತ ತಗ್ಗಿನ ಷಡ್ಜ. ಹೀಗೆ ತಗ್ಗಿನಿಂದ ಏರುಕ್ರಮದಲ್ಲಿ ಇಲ್ಲದೆ ಮೊದಲ ತಂತಿ ಮೇಲೆ ಹಾರಿ ಕೂತಿರುವುದರಿಂದಲೇ ಯುಕುಲೆಲೆಗೆ ಆ ಗಲಗಲ ನಗುವ ನಾದ. ಕೆಲವರು ಅಲ್ಲಿ ದಪ್ಪ ತಂತಿ ಹಾಕಿ ಜಿಯನ್ನು ಒಂದು ಸ್ಥಾಯಿ ಕೆಳಗಿಳಿಸುತ್ತಾರೆ, ಅದಕ್ಕೆ ಲೋ ಜಿ ಎನ್ನುತ್ತಾರೆ. ಬೆರಳಿನ ಆಕಾರ ಬದಲಾಗುವುದಿಲ್ಲ, ಗುಂಪಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಅಪರೂಪಕ್ಕೆ ಕೆಲವು ಗುಂಪುಗಳು ಇಡೀ ವಾದ್ಯವನ್ನು ಎರಡು ಫ್ರೆಟ್‌ನಷ್ಟು ಏರಿಸಿ ಡಿ ಶ್ರುತಿಯಲ್ಲಿ ನುಡಿಸುತ್ತವೆ. ಮೊದಲೇ ಕೇಳಿಕೊಳ್ಳಿ ಎಂದದ್ದು ಇದಕ್ಕೇ.

ವಾದ್ಯದ ತಲೆಗೆ ಕಚ್ಚಿಸುವ, ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್ ಒಂದನ್ನು ಖಂಡಿತ ಇಟ್ಟುಕೊಳ್ಳಿ. ಮೊಬೈಲ್ ಆ್ಯಪ್ ಮನೆಯಲ್ಲಿ ಸಾಕು, ಆದರೆ ಹದಿನೈದು ಜನ ಒಟ್ಟಿಗೆ ತಂತಿ ತಿರುಗಿಸುವ ಕೋಣೆಯಲ್ಲಿ ಅದರ ಮೈಕಿಗೆ ನಿಮ್ಮ ದನಿ ಯಾವುದು ಎಂದು ತಿಳಿಯುವುದಿಲ್ಲ. ಕ್ಲಿಪ್ ಮರದ ಕಂಪನವನ್ನೇ ಹಿಡಿಯುತ್ತದೆ. ಜೊತೆಗೆ ಕಿವಿಯಿಂದ ಸರಿನೋಡುವುದನ್ನೂ ರೂಢಿಸಿಕೊಳ್ಳಿ: ಸಿ ತಂತಿಯ 4ನೇ ಫ್ರೆಟ್ ಖಾಲಿ ಇ ತಂತಿಗೆ ಸಮ, ಇ ತಂತಿಯ 3ನೇ ಫ್ರೆಟ್ ಜಿಗೆ ಸಮ, 5ನೇ ಫ್ರೆಟ್ ಎಗೆ ಸಮ.

ಹೊಸ ತಂತಿ ಹಾಕಿದ್ದರೆ ಒಂದು ವಾರ ಮೊದಲೇ ಹಾಕಿ. ನೈಲಾನ್ ಜಾತಿಯ ತಂತಿಗಳು ಹಲವು ದಿನ ಎಳೆದುಕೊಳ್ಳುತ್ತಲೇ ಇರುತ್ತವೆ. ನಾನು ಮೊದಲ ಕೂಟದ ಹಿಂದಿನ ರಾತ್ರಿ ಹೊಸ ತಂತಿ ಹಾಕಿಕೊಂಡು ಹೋಗಿದ್ದೆ. ಪ್ರತಿ ಹಾಡಿನ ಕೊನೆಗೆ ವಾದ್ಯ ಇಳಿದುಹೋಗುತ್ತಿತ್ತು. ಎಲ್ಲರೂ ಮುಂದಿನ ಪುಟ ತಿರುಗಿಸುವಾಗ ನಾನು ತಲೆ ತಗ್ಗಿಸಿ ವಾದ್ಯದ ಕಿವಿ ಹಿಂಡುತ್ತಿದ್ದೆ.

ನಾಲ್ಕು ಕಾರ್ಡ್, ಒಂದೇ ಮೀಟು

ಸಿ, ಎ ಮೈನರ್, ಎಫ್, ಜಿ ಸೆವೆನ್. ಇಷ್ಟು ಬಂದರೆ ಕೂಟಕ್ಕೆ ಹೋಗಬಹುದು. ಈ ನಾಲ್ಕನ್ನು ಇದೇ ಸುತ್ತಿನಲ್ಲಿ ಕಲಿಯಲು ಒಂದು ಕಾರಣವಿದೆ, ಬೆರಳುಗಳನ್ನು ನಿಧಾನವಾಗಿ ನೋಡಿಕೊಂಡರೆ ಗೊತ್ತಾಗುತ್ತದೆ.

ಸಿ ಎಂದರೆ ಎ ತಂತಿಯ 3ನೇ ಫ್ರೆಟ್‌ನಲ್ಲಿ ಉಂಗುರ ಬೆರಳು, ಅಷ್ಟೇ. ಅದನ್ನು ಎತ್ತಿ ನಡುಬೆರಳನ್ನು ಜಿ ತಂತಿಯ 2ನೇ ಫ್ರೆಟ್‌ಗೆ ಇಟ್ಟರೆ ಎ ಮೈನರ್. ನಡುಬೆರಳು ಅಲ್ಲೇ ಇರಲಿ, ತೋರುಬೆರಳನ್ನು ಇ ತಂತಿಯ 1ನೇ ಫ್ರೆಟ್‌ಗೆ ಸೇರಿಸಿದರೆ ಎಫ್. ಈಗ ತೋರುಬೆರಳು ಅಲುಗಾಡದಿರಲಿ. ನಡುಬೆರಳು ಪಕ್ಕದ ಸಿ ತಂತಿಯ 2ನೇ ಫ್ರೆಟ್‌ಗೆ ಸರಿಯಲಿ, ಉಂಗುರ ಬೆರಳು ಎ ತಂತಿಯ 2ನೇ ಫ್ರೆಟ್‌ಗೆ ಇಳಿಯಲಿ. ಇದು ಜಿ ಸೆವೆನ್. ಅಲ್ಲಿಂದ ಮತ್ತೆ ಸಿಗೆ ಬರುವಾಗ ಉಂಗುರ ಬೆರಳನ್ನು ಎತ್ತಲೇಬೇಡಿ, ಎ ತಂತಿಯ ಮೇಲೆಯೇ 2ರಿಂದ 3ಕ್ಕೆ ಜಾರಿಸಿ, ಉಳಿದೆರಡನ್ನು ಬಿಡಿ. ಸುತ್ತಿನಲ್ಲಿ ಸಿಯಿಂದ ಎ ಮೈನರ್‌ಗೆ ಹೋಗುವಾಗ ಮಾತ್ರ ಕೈ ಪೂರ್ತಿ ಬಿಡುತ್ತದೆ. ಉಳಿದ ಮೂರು ಬದಲಾವಣೆಯಲ್ಲೂ ಒಂದು ಬೆರಳು ತಂತಿಯ ಮೇಲೆಯೇ ಉಳಿದು ಮಿಕ್ಕವುಗಳಿಗೆ ದಾರಿ ತೋರುತ್ತದೆ. ಇದನ್ನು ನನಗೆ ಯಾವ ವಿಡಿಯೊವೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ಕೂತ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದು, ‘ನೋಡಿ, ಇದು ಏಳೋದೇ ಇಲ್ಲ’ ಎಂದು ತೋರಿಸಿದ ಮೇಲೆ ತಿಳಿಯಿತು.

ಬೆರಳನ್ನು ಲೋಹದ ಪಟ್ಟಿಯ ಮೇಲೆ ಇಡಬೇಡಿ, ಅದರ ಹಿಂದೆ, ಆದಷ್ಟು ಹತ್ತಿರ ಇಡಿ. ಕಡಿಮೆ ಒತ್ತಿದರೂ ನಾದ ಸ್ವಚ್ಛವಾಗಿ ಬರುತ್ತದೆ. ಬಲಗೈಗೆ ಸದ್ಯಕ್ಕೆ ಒಂದೇ ಕೆಲಸ: ಒಂದೊಂದು ತಾಳದ ಪೆಟ್ಟಿಗೆ ತೋರುಬೆರಳ ಉಗುರಿನಿಂದ ಕೆಳಮುಖವಾಗಿ ಒಂದು ಮೀಟು. ವಾದ್ಯದ ಕುತ್ತಿಗೆ ಒಡಲಿಗೆ ಸೇರುವಲ್ಲಿ ಮೀಟಿದರೆ ದನಿ ಮೃದು. ‘ಕೆಳ-ಕೆಳ-ಮೇಲೆ-ಮೇಲೆ-ಕೆಳ-ಮೇಲೆ’ ಎಂಬ ಹೆಸರಾಂತ ಮಾದರಿಗೆ ಅವಸರ ಬೇಡ. ಕಾರ್ಡ್ ಬದಲಿಸುವಾಗ ಬಲಗೈ ನಿಂತುಬಿಡುವುದು ಎಲ್ಲ ಹೊಸಬರ ತೊಡಕು. ಎಡಗೈ ಸೇರದಿದ್ದರೂ ಬಲಗೈ ನಿಲ್ಲಬಾರದು. ಗುಂಪಿನಲ್ಲಿ ತಪ್ಪು ಸ್ವರ ಹತ್ತು ಜನರ ನಡುವೆ ಕರಗಿಹೋಗುತ್ತದೆ, ತಪ್ಪಿದ ಲಯ ಕರಗುವುದಿಲ್ಲ.

ಮೊದಲ ಸಂಜೆ

ಹತ್ತು ನಿಮಿಷ ಮೊದಲೇ ಹೋಗಿ, ಕುರ್ಚಿ ಹಾಕಲು ಕೈಜೋಡಿಸಿ. ಹೊಸ ಜಾಗದಲ್ಲಿ ಮಾತಿಗೆ ಇಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ. ಕೈ ಇಲ್ಲದ ಕುರ್ಚಿಯನ್ನೇ ಆರಿಸಿಕೊಳ್ಳಿ, ಇಲ್ಲದಿದ್ದರೆ ಮೊಣಕೈ ತಾಗುತ್ತದೆ. ವಾದ್ಯ, ಟ್ಯೂನರ್, ಪೆನ್ಸಿಲ್, ಓದುವ ಕನ್ನಡಕ ಇದ್ದರೆ ಅದು, ನೀರು. ಇಷ್ಟು ಸಾಕು.

ಹಿಂದಿನ ಸಾಲಿನ ಮೂಲೆಗೆ ಹೋಗಿ ಕೂರಬೇಕು ಅನ್ನಿಸುತ್ತದೆ. ಬೇಡ. ಚೆನ್ನಾಗಿ ನುಡಿಸುವವರೊಬ್ಬರ ಎಡಗೈ ನಿಮಗೆ ಕಾಣುವಂತೆ, ಅವರ ಎದುರಿಗೋ ಓರೆಯಾಗಿಯೋ ಕೂರಿ. ಕಣ್ಣು ಹಾಳೆಯ ಮೇಲೆ ತಪ್ಪಿಹೋದಾಗ ಅವರ ಬೆರಳು ನೋಡಿದರೆ ಮತ್ತೆ ಹಾದಿಗೆ ಬರುತ್ತೀರಿ.

ಹಾಡು ಶುರುವಾಗುವ ಮುಂಚೆ ಯಾರಾದರೊಬ್ಬರು ‘ಒಂದು, ಎರಡು, ಮೂರು, ನಾಲ್ಕು’ ಎಂದು ಎಣಿಸುತ್ತಾರೆ. ಆ ಎಣಿಕೆಯೇ ಹಾಡಿನ ವೇಗ. ಎಣಿಕೆ ಕೇಳುವಾಗ ನುಡಿಸಬೇಡಿ, ಪಾದದಲ್ಲಿ ತಾಳ ಹಾಕಿಕೊಳ್ಳಿ. ಹಾಡಿನ ನಡುವೆ ಎಲ್ಲಿದ್ದೇವೆ ಎಂದೇ ತಿಳಿಯದಂತಾದರೆ ಮೀಟುವುದು ನಿಲ್ಲಿಸಿ ಹಾಡಿ, ಮುಂದಿನ ಸಾಲಿನ ಮೊದಲ ಕಾರ್ಡ್‌ಗೆ ಕಾದು ಕೂಡಿಕೊಳ್ಳಿ.

ಆ ಹದಿನಾರು ಜನರ ಕೋಣೆಯಲ್ಲಿ ನಾನು ಕಂಡದ್ದೊಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅರವತ್ತು ದಾಟಿದ ಒಬ್ಬರು ಅವತ್ತೇ ಮೊದಲು ವಾದ್ಯ ಹಿಡಿದಿದ್ದರು. ಸಂಧಿವಾತದಿಂದ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಪಕ್ಕದ ಹುಡುಗಿ ಅವರ ಹಾಳೆಯನ್ನು ತೆಗೆದುಕೊಂಡು ಸಿ ಎಂದಿರುವಲ್ಲೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿದಳು. ‘ಅಮ್ಮ, ಸುತ್ತು ಬಂದಾಗ ಮಾತ್ರ ಮೀಟಿ. ಮಿಕ್ಕ ಹೊತ್ತು ಹಾಡ್ತಾ ಇರಿ’ ಎಂದಳು. ಹಾಡು ಶುರುವಾಯಿತು. ಅವರು ಮೀಟುವುದು, ನಿಲ್ಲುವುದು, ಹಾಡುವುದು, ಮತ್ತೆ ಸುತ್ತು ಬಂದಾಗ ಮೀಟುವುದು. ಕೊನೆಯ ಕಾರ್ಡ್ ಸಿ. ಎಲ್ಲರ ಜೊತೆ ಒಂದೇ ಸಲಕ್ಕೆ ಅವರ ಮೀಟೂ ಬಿತ್ತು. ಆ ದನಿ ಆರುವವರೆಗೂ ಅವರು ಬೆರಳು ತೆಗೆಯಲಿಲ್ಲ. ಮುಂದಿನ ವಾರ ಅವರು ಬಂದರು. ಅದರ ಮುಂದಿನ ವಾರ ಮೊಮ್ಮಗನನ್ನೂ ಕರೆತಂದರು.

ಅದಕ್ಕೂ ಮುಂಚೆ ನಾನು ಬೇರೊಂದು ಗುಂಪಿಗೆ ಹೋಗಿದ್ದೆ. ಅಲ್ಲಿದ್ದವರೆಲ್ಲ ನುರಿತವರು. ಹಾಡಿನ ಮೇಲೆ ಹಾಡು ಅದೇ ಓಟದಲ್ಲಿ ಸಾಗಿತು, ಎರಡು ಗಂಟೆಯಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ. ಅವರ ಸಂಗೀತದಲ್ಲಿ ಕೊರತೆ ಇರಲಿಲ್ಲ. ನನ್ನ ವಾದ್ಯ ಏಳೆಂಟು ತಿಂಗಳು ಕೂತಿದ್ದು ಆ ಸಂಜೆಯ ನಂತರವೇ. ನಿಮಗೂ ಹೀಗಾದರೆ ನಿಮ್ಮ ಕೈಯಲ್ಲಿ ಸಂಗೀತವಿಲ್ಲ ಎಂದುಕೊಳ್ಳಬೇಡಿ, ಇನ್ನೊಂದು ಗುಂಪು ನೋಡಿ. ಒಂದೇ ಗುಂಪಾದರೂ ಎರಡು ಸಲ ಹೋಗಿ ತೀರ್ಮಾನಿಸಿ, ನಡೆಸುವವರು ಬದಲಾದರೆ ಸಂಜೆಯೇ ಬದಲಾಗುತ್ತದೆ.

ನಡವಳಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಬ್ಬರು ಮಾತಾಡುವಾಗ ತಂತಿ ಕೆದಕಬೇಡಿ, ಇದೊಂದೇ ಎಲ್ಲರಿಗೂ ಕಿರಿಕಿರಿ ತರುವುದು. ಬೇರೆಯವರ ವಾದ್ಯವನ್ನು ಕೇಳದೆ ಮುಟ್ಟಬೇಡಿ. ಕೇಳದವರಿಗೆ ಪಾಠ ಹೇಳಬೇಡಿ. ಜಾಗದ ಖರ್ಚಿಗೆ ಡಬ್ಬಿ ಇಟ್ಟಿದ್ದರೆ ಮರೆಯದೆ ಹಾಕಿ.

ಬಳಗವೇ ಇಲ್ಲದಿದ್ದರೆ

ಮೂರು ಜನ ಸಾಕು. ಇಬ್ಬರಾದರೆ ಒಬ್ಬರು ಬಾರದ ದಿನ ಕೂಟ ಸತ್ತಂತೆ, ಮೂವರಾದರೆ ನಡೆಯುತ್ತದೆ. ಚೆನ್ನಾಗಿ ಬರುವವರು ಸಿಗಲಿ ಎಂದು ಕಾಯಬೇಡಿ. ನಾಲ್ಕು ಕಾರ್ಡ್ ಬಲ್ಲ ಒಬ್ಬರು, ನಾಚದೆ ಹಾಡುವ ಒಬ್ಬರು, ಸಮಯಕ್ಕೆ ಬರುವ ಒಬ್ಬರು ಇದ್ದರೆ ಅಡಿಪಾಯ ಬಿದ್ದ ಹಾಗೆ.

ದಿನವನ್ನು ಮೊದಲು ಗಟ್ಟಿ ಮಾಡಿ. ತಿಂಗಳ ಮೊದಲ ಶನಿವಾರ ಸಂಜೆ, ಅಥವಾ ಹದಿನೈದು ದಿನಕ್ಕೊಮ್ಮೆ ಬುಧವಾರ. ಯಾವುದಾದರೂ ಸರಿ, ಆದರೆ ಅದು ಬದಲಾಗಬಾರದು. ‘ಈ ಸಲ ಯಾವತ್ತು ಇಟ್ಟುಕೊಳ್ಳೋಣ’ ಎಂದು ಪ್ರತಿ ಸಲ ಗುಂಪಿನಲ್ಲಿ ಮತ ಕೇಳುವ ಬಳಗ ಮೂರನೇ ತಿಂಗಳಿಗೆ ಸೊರಗುತ್ತದೆ. ಎಲ್ಲರಿಗೂ ಹೊಂದುವ ದಿನ ಇಲ್ಲವೇ ಇಲ್ಲ. ಬರಲಾಗದವರಿಗೂ ‘ಇವತ್ತು ಅಲ್ಲಿ ನಡೆಯುತ್ತಿದೆ’ ಎಂದು ಗೊತ್ತಿರಬೇಕು.

ಜಾಗಕ್ಕೆ ಗ್ರಂಥಾಲಯದ ಕೋಣೆ, ಸಮುದಾಯ ಭವನ, ಸಂಜೆ ಖಾಲಿಯಿರುವ ತರಗತಿ, ಉದ್ಯಾನದ ಮರದಡಿ, ಯಾರದಾದರೂ ಮನೆಯ ಹಜಾರ ಎಲ್ಲವೂ ನಡೆದೀತು. ಹೋಟೆಲಿನ ಮೂಲೆ ಚೆನ್ನಾಗಿ ಕಾಣುತ್ತದೆ, ಆದರೆ ಗದ್ದಲದಲ್ಲಿ ಈ ವಾದ್ಯ ಕೇಳುವುದಿಲ್ಲ. ಅಳೆದು ನೋಡಬೇಕಾದ್ದು ಬೆಳಕು: ಹಾಳೆಯ ಮೇಲೆ ಸಣ್ಣ ಅಕ್ಷರ ಎಲ್ಲ ವಯಸ್ಸಿನವರಿಗೂ ಕಾಣಬೇಕು. ಬಯಲಲ್ಲಿ ಕೂರುವುದಾದರೆ ಬಟ್ಟೆ ಕ್ಲಿಪ್ಪುಗಳನ್ನು ಒಯ್ಯಿರಿ, ಗಾಳಿ ಹಾಳೆಯನ್ನು ಬಿಡುವುದಿಲ್ಲ. ವಾದ್ಯವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಶಾಖಕ್ಕೆ ಅಂಟು ಮೆತ್ತಗಾಗಿ, ಒಡಲ ಮೇಲೆ ತಂತಿ ಹಿಡಿದಿಡುವ ಬ್ರಿಜ್ ಕಿತ್ತುಬರಬಹುದು.

ಕುರ್ಚಿಗಳನ್ನು ಸುತ್ತ ಹಾಕಿ. ಸಾಲು ಹಾಕಿದರೆ ಮುಂದಿನವರು ಕಲಾವಿದರು, ಹಿಂದಿನವರು ಕೇಳುಗರು ಆಗಿಬಿಡುತ್ತಾರೆ. ಮೊದಲ ಐದು ನಿಮಿಷ ಎಲ್ಲರೂ ಸೇರಿ ಶ್ರುತಿ ಮಾಡಿ. ಒಬ್ಬರು ಒಂದು ತಂತಿ ಮೀಟುತ್ತಾರೆ, ಎಲ್ಲರೂ ಅದೇ ತಂತಿಯನ್ನು ಸೇರಿಸುತ್ತಾರೆ, ಆಮೇಲೆ ಮುಂದಿನದು. ಶುರುವಿನಲ್ಲಿ ಹತ್ತು ಕಡೆ ಚದುರಿದ ನಾದ ನಿಧಾನಕ್ಕೆ ಒಂದೇ ಗೆರೆಯ ಮೇಲೆ ಬಂದು ನಿಲ್ಲುವಾಗ ಕೋಣೆಯ ಮಾತು ತಾನಾಗಿಯೇ ಅಡಗುತ್ತದೆ. ನನಗೆ ಇಡೀ ಸಂಜೆಯಲ್ಲಿ ಪ್ರಿಯವಾದ ಹೊತ್ತು ಇದೇ.

ಆಮೇಲೆ ಎರಡೇ ಕಾರ್ಡಿನ ಹಾಡೊಂದರಿಂದ ಹೊರಡಿ. ನಡುವಿನಲ್ಲಿ ಕಷ್ಟದ್ದು ಇರಲಿ, ಕೊನೆಗೆ ಮತ್ತೆ ಎಲ್ಲರಿಗೂ ಬರುವಂಥದ್ದು. ನಡುವೆ ಕಾಲು ಗಂಟೆ ಬಿಡುವು ಕೊಡಲೇಬೇಕು. ಬೆರಳು ನೋಯುತ್ತಿರುತ್ತದೆ, ಸ್ನೇಹ ಬೆಳೆಯುವುದೂ ಆಗಲೇ. ವೇಗವನ್ನು ಅವತ್ತಿನ ಕೋಣೆಯಲ್ಲಿ ಎಲ್ಲರಿಗಿಂತ ನಿಧಾನದವರಿಗೆ ತಕ್ಕಂತೆ ಎಣಿಸಿ. ನುರಿತವರಿಗೆ ಬೇಸರವಾಗುತ್ತದೆ ಎಂಬ ಅಳುಕು ಬೇಡ, ಅವರಿಗೆ ಬೇರೆ ಕೆಲಸ ಕೊಡಿ: ಅದೇ ಕಾರ್ಡನ್ನು ಮೇಲಿನ ಫ್ರೆಟ್‌ಗಳಲ್ಲಿ ಹಿಡಿಯುವುದು, ತಂತಿ ಬಿಡಿಸಿ ನುಡಿಸುವುದು, ಹಾಡಿನ ರಾಗವನ್ನೇ ಮೀಟುವುದು. ಒಂದೇ ಹಾಡಿನಲ್ಲಿ ಒಬ್ಬರು ಒಂದು ಕಾರ್ಡ್, ಇನ್ನೊಬ್ಬರು ರಾಗ ನುಡಿಸಬಹುದಾದ ವಾದ್ಯ ನಮ್ಮ ಕೈಯಲ್ಲಿದೆ.

ಇನ್ನೊಂದು ವಾದ್ಯವನ್ನು ಬಳಗದ ಹೆಸರಿನಲ್ಲಿ ಇಟ್ಟುಕೊಳ್ಳಿ. ಯಾರಾದರೂ ಬಳಸದೆ ಇಟ್ಟದ್ದಾದರೂ ಸರಿ, ತಂತಿ ಬದಲಿಸಿ ಶ್ರುತಿ ಮಾಡಿಡಿ. ‘ನನ್ನ ಹತ್ತಿರ ಇಲ್ಲ’ ಎನ್ನುತ್ತಾ ಬಾಗಿಲಲ್ಲಿ ನಿಂತವರ ಕೈಗೆ ಕೊಡಲು.

ಹಾಡಿನ ಹಾಳೆ

ಇಲ್ಲಿ ತಾಳ್ಮೆಯಿಂದ ಮಾಡಿದ ಕೆಲಸ ಇಡೀ ವರ್ಷ ಫಲ ಕೊಡುತ್ತದೆ. ಒಂದು ಹಾಡು ಒಂದೇ ಪುಟದಲ್ಲಿ ಮುಗಿಯಬೇಕು. ಪುಟ ತಿರುಗಿಸಲು ಕೈ ಬಿಟ್ಟರೆ ಲಯ ಹೋಯಿತು. ಕಾರ್ಡಿನ ಹೆಸರು ಅದು ಬದಲಾಗುವ ಅಕ್ಷರದ ನೆತ್ತಿಯ ಮೇಲೇ ಕೂರಬೇಕು, ಅಂದಾಜಿಗೆ ಸಾಲಿನ ಮೇಲೆಲ್ಲೋ ಅಲ್ಲ. ಪುಟದ ತುದಿಯಲ್ಲಿ ಆ ಹಾಡಿಗೆ ಬೇಕಾದ ಕಾರ್ಡ್‌ಗಳ ಚಿತ್ರ ಹಾಕಿ. ಬ್ಯಾರಿಟೋನಿನವರಿದ್ದರೆ ಅವರಿಗೂ ಇನ್ನೊಂದು ಸಾಲು.

ಹಾಡನ್ನು ಯಾವ ಶ್ರುತಿಯಲ್ಲಿ (ಕೀ) ಬರೆಯಬೇಕು ಎಂಬ ಆಯ್ಕೆಯಲ್ಲಿ ಗಂಟಲು ಮೊದಲು, ಬೆರಳು ಆಮೇಲೆ. ಬೆರಳಿಗೆ ಸಲೀಸು ಎಂದು ಎಲ್ಲವನ್ನೂ ಸಿ ಶ್ರುತಿಯಲ್ಲೇ ಬರೆದರೆ ಕೆಲವು ಹಾಡುಗಳಲ್ಲಿ ಅರ್ಧ ಜನ ಮೇಲಿನ ಸ್ವರಕ್ಕೆ ಬಾಯಿ ಮುಚ್ಚಿಬಿಡುತ್ತಾರೆ. ಎಲ್ಲಕ್ಕಿಂತ ಎತ್ತರದ ಸಾಲನ್ನು ಮೊದಲು ನೀವೇ ಹಾಡಿ ನೋಡಿ. ಕತ್ತು ಚಾಚಬೇಕಾದರೆ ಇಳಿಸಿ. ಸಿ, ಎಫ್, ಜಿ ಈ ಮೂರು ಶ್ರುತಿಗಳ ನಡುವೆ ಒಂದಲ್ಲ ಒಂದು ಹೊಂದುತ್ತದೆ. ಜಿ ಶ್ರುತಿಗೆ ಹೋದರೆ ಜಿ ಕಾರ್ಡ್ ಬರುತ್ತದೆ, ಮೂರು ಬೆರಳಿನ ಆ ತ್ರಿಕೋನಕ್ಕೆ ಹೊಸಬರಿಗೆ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಅವರು ಅದನ್ನು ಬಿಟ್ಟು ಮಿಕ್ಕವನ್ನು ಮೀಟಲಿ.

ಹಾಡುಗಳನ್ನು ಆರಿಸುವಾಗ ಬಳಗದವರು ಬಾಲ್ಯದಿಂದ ಬಲ್ಲವು ಮೊದಲು ಬರಲಿ, ಯಾವ ಭಾಷೆಯವಾದರೂ ಸರಿ. ರಾಗ ಗೊತ್ತಿದ್ದರೆ ಕಣ್ಣು ಕಾರ್ಡ್‌ಗಳಿಗೆ ಬಿಡುವಾಗುತ್ತದೆ. ತಿಂಗಳಿಗೊಬ್ಬರು ಒಂದು ಹೊಸ ಹಾಳೆ ತರಲಿ, ತಂದವರೇ ಎಣಿಕೆ ಹಾಕಿ ನಡೆಸಲಿ. ಹಕ್ಕುಸ್ವಾಮ್ಯ ಇರುವ ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಿ ಹಂಚುವುದಕ್ಕೂ ಸಾರ್ವಜನಿಕವಾಗಿ ನುಡಿಸುವುದಕ್ಕೂ ಅನುಮತಿ ಬೇಕಾಗುತ್ತದೆ. ವೇದಿಕೆ ಹತ್ತುವ ಮೊದಲು ಜಾಗದವರ ಬಳಿ ಪರವಾನಗಿ ಇದೆಯೇ ಎಂದು ವಿಚಾರಿಸಿಕೊಳ್ಳಿ.

ವೇದಿಕೆ ಬಂದಾಗ

ವರ್ಷ ಕಳೆಯುವಷ್ಟರಲ್ಲಿ ಯಾರಾದರೂ ಕರೆಯುತ್ತಾರೆ: ಶಾಲೆಯ ಸಮಾರಂಭ, ವೃದ್ಧಾಶ್ರಮದ ಒಂದು ಮಧ್ಯಾಹ್ನ. ಹೋಗಿ, ಬಳಗಕ್ಕೆ ಹುರುಪು ಬರುತ್ತದೆ. ಆದರೆ ಬಳಗಗಳು ಒಡೆಯುವುದನ್ನು ನಾನು ನೋಡಿರುವುದೂ ಇಲ್ಲೇ. ಕಾರ್ಯಕ್ರಮಕ್ಕೆಂದು ‘ಚೆನ್ನಾಗಿ ಬರುವವರು’ ಬೇರೆಯಾಗುತ್ತಾರೆ, ಕೂಟದ ಸಂಜೆಯೇ ಅವರ ತಾಲೀಮಾಗುತ್ತದೆ, ಮಿಕ್ಕವರು ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ. ತಾಲೀಮು ಬೇಕಿದ್ದರೆ ಬೇರೆ ದಿನ ಇಟ್ಟುಕೊಳ್ಳಿ. ಕಾರ್ಯಕ್ರಮದಲ್ಲಿ ಎರಡು ಹಾಡಾದರೂ ಇಡೀ ಬಳಗ, ಕಳೆದ ವಾರ ಸೇರಿದವರೂ ಸೇರಿ, ನುಡಿಸುವಂಥದ್ದು ಇರಲಿ.

ನಡೆಸುವ ಹೊಣೆಯೂ ಒಬ್ಬರ ಮೇಲೇ ಬೀಳಬಾರದು. ಬಾಗಿಲ ಕೀಲಿ ಒಬ್ಬರ ಹತ್ತಿರ, ಹಾಳೆ ಅಚ್ಚು ಹಾಕಿಸುವುದು ಇನ್ನೊಬ್ಬರದು, ಎಣಿಕೆ ಸರದಿಯಂತೆ. ಹೊಸಬರನ್ನು ಬಾಗಿಲಲ್ಲೇ ಎದುರುಗೊಂಡು ಪಕ್ಕ ಕೂರಿಸಿಕೊಳ್ಳುವುದಕ್ಕೆ ಪ್ರತಿ ಸಂಜೆ ಒಬ್ಬರು ಹೆಸರು ಹೇಳಿಕೊಂಡೇ ನಿಲ್ಲಲಿ. ಆ ಸಂಜೆ ಅವರು ಎಷ್ಟು ಹಾಡು ನುಡಿಸಿದರು ಎಂಬುದು ಲೆಕ್ಕಕ್ಕಿಲ್ಲ.

ಕೂಟ ಮುಗಿಯುತ್ತಿದ್ದಂತೆ, ಕುರ್ಚಿ ಮಡಚುವ ಮೊದಲು, ಮುಂದಿನ ಸಲದ ದಿನವನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿ. ಅವತ್ತು ಮೊದಲ ಸಲ ಬಂದವರ ಕೈಗೆ ಮುಂದಿನ ಕೂಟದ ಮೊದಲ ಹಾಡಿನ ಹಾಳೆಯನ್ನು ಕೊಟ್ಟು ಕಳಿಸಿ. ಅವರಿಗೆ ಬರುವ ಕಾರ್ಡ್‌ಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿರಲಿ.